ಅಪ್ಪನ ತಲೆಯ ಮೇಲೆ ಲೋಟ

ಅಡುಗೆಮನೆಯ ಮೇಜಿನಿಂದ,
ಆಗಸ್ಟ್ ೧೭, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪಾ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಮೈಯೆಲ್ಲ ಬೆವರುಸಾಲೆ ಎದ್ದಿದೆ ಎಂದಿದ್ದೆ, ಇಳಿಯಿತೇ? ನಿಮ್ಮ ಅಡುಗೆಯವನು ಹೇಗೇ ಬೇಯಿಸಲಿ, ಹೊಟ್ಟೆ ಖಾಲಿ ಬಿಡಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ಹೊಲಿಗೆ ಬಿಟ್ಟು ಕಾಗದ ಬರೆಯುತ್ತ ಕೂತಿದ್ದಾಳಲ್ಲ ಎಂದು ಗಾಬರಿಯಾಗಬೇಡ. ಪಕ್ಕದ ಕೋಣೆಯಲ್ಲಿ ನಿನ್ನ ಹೆಂಡತಿ ವಿಡಿಯೋ ಮಾಡುತ್ತಿದ್ದಾಳೆ, ನನ್ನ ಯಂತ್ರದ ಸದ್ದು ಅದರೊಳಗೆ ಹೋಗಿ ಕೂರುತ್ತದಂತೆ.

ಈ ವಿಡಿಯೋ ಸಂಗತಿ ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ಮಾತು ಕಡಿದುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಎಂಟನೇ ತರಗತಿಗೆ ವಿಜ್ಞಾನ ಕಲಿಸುತ್ತಾಳಲ್ಲ ಅವಳು. ನಲವತ್ತು ನಿಮಿಷದ ಪೀರಿಯಡ್ಡು ಬೋರ್ಡಿನ ಮೇಲೆ ಬರೆಯುವುದರಲ್ಲೇ ಮುಗಿದು, ಪ್ರಯೋಗದ ಸಾಮಾನು ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಒಂದು ದಿನ "ಅತ್ತೆ, ಇದನ್ನ ಉಲ್ಟಾ ಮಾಡ್ತೀನಿ" ಅಂದಳು. ಮಕ್ಕಳು ಪಾಠವನ್ನು ಮನೆಯಲ್ಲಿ ನೋಡಿಕೊಂಡು ಬರಬೇಕು, ಪ್ರಯೋಗವನ್ನು ತರಗತಿಯಲ್ಲಿ ಕೈಯಾರೆ ಮಾಡಬೇಕು. ಮನೆಯಲ್ಲಿ ಫೋನ್ ಇಲ್ಲದವರಿಗೆ ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಶಾಲೆಯ ಕಂಪ್ಯೂಟರಿನಲ್ಲಿ ತೋರಿಸುತ್ತಾಳೆ. ಇದೆಲ್ಲ ಆಗುವ ಹೋಗುವ ಮಾತೇ ಎಂದು ನಾನೂ ಮೂಗು ಮುರಿದೆ, ಸುಳ್ಳೇಕೆ ಹೇಳಲಿ.

ಮೊದಲ ವಿಡಿಯೋ ಗಾಳಿಯ ಒತ್ತಡದ್ದು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಲೋಟದ ತುಂಬ ನೀರು ತುಂಬಿಸಿ, ಬಾಯಿಗೆ ರಟ್ಟು ಮುಚ್ಚಿ ತಲೆಕೆಳಗು ಮಾಡಿದಳು. ರಟ್ಟು ತೆಳ್ಳಗಿತ್ತು, ಬಾಗಿತು. ನೀರೆಲ್ಲ ನಾನು ಹೊಲಿದು ಮಡಿಸಿಟ್ಟಿದ್ದ ಅಂಗಿಯ ಮೇಲೆ! "ಅಯ್ಯೋ, ನಿನ್ನ ವಿಜ್ಞಾನಕ್ಕಿಷ್ಟು ಬೆಂಕಿ ಬೀಳ!" ಎಂದು ನಾನು ಕೂಗಿದ್ದೂ ಅದರಲ್ಲಿ ಸೇರಿಹೋಯಿತು. ಅಳಿಸು ಅಂದರೆ ಕೇಳಲಿಲ್ಲ. "ತಪ್ಪಾದದ್ದೂ ಮಕ್ಕಳಿಗೆ ಗೊತ್ತಾಗ್ಲಿ ಅತ್ತೆ" ಅಂದಳು. ಈಗ ನಾನು ಬೀದಿಗಿಳಿದರೆ ಸಾಕು, ಮಕ್ಕಳು "ಅಯ್ಯೋ ಅಜ್ಜಿ ಬಂದ್ರು" ಅನ್ನುತ್ತವೆ.

ಆದರೆ ಎಲ್ಲರೂ ನಗಲಿಲ್ಲ. ಅವಳ ತರಗತಿಯ ಹುಡುಗಿಯೊಬ್ಬಳ ತಂದೆ ಬಸ್ ಡ್ರೈವರು. ಕಳೆದ ತಿಂಗಳು ಅವನು ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ "ಮನೇಲಿ ಫೋನ್ ನೋಡ್ಕೊಂಡೇ ಕಲಿಯೋದಾದ್ರೆ ಟೀಚರ್ ಯಾಕೆ, ಸ್ಕೂಲ್ ಯಾಕೆ?" ಎಂದು ಜಗಳ ತೆಗೆದ. ಶುಕ್ರವಾರ ಪೋಷಕರೆದುರು ಒಂದು ಪಾಠ ಮಾಡಿ ತೋರಿಸಿ, ಅವರು ಒಪ್ಪದಿದ್ದರೆ ವಿಡಿಯೋ ನಿಲ್ಲಿಸಿಬಿಡಿ ಎಂದು ಮುಖ್ಯೋಪಾಧ್ಯಾಯರು ಇವಳಿಗೆ ಹೇಳಿದರು.

ಶುಕ್ರವಾರ ನಾನೂ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಅವಳು ಪಾಠ ಶುರುಮಾಡಲೇ ಇಲ್ಲ. "ಇವತ್ತು ನೀವೇ ಹೇಳಿಕೊಡಿ" ಎಂದು ಮಕ್ಕಳಿಗೆ ಹೇಳಿ ಪಕ್ಕಕ್ಕೆ ನಿಂತಳು. ಮೊದಲು ಎದ್ದವಳು ಯಾರು ಗೊತ್ತೇ? ಆ ಡ್ರೈವರನ ಮಗಳು, ತರಗತಿಯಲ್ಲಿ ಎಂದೂ ತುಟಿ ಬಿಚ್ಚದವಳು! ಲೋಟ ತುಂಬಿಸಿ, ರಟ್ಟು ಮುಚ್ಚಿ, ನೇರ ಅಪ್ಪನ ಹತ್ತಿರ ಹೋಗಿ ಅವನ ತಲೆಯ ಮೇಲೆ ಹಿಡಿದಳು. "ಅಪ್ಪಾ, ಅಲ್ಲಾಡ್ಬೇಡಿ." ಅವನು ಗಟ್ಟಿಯಾಗಿ ಕಣ್ಣು ಮುಚ್ಚಿದ. ಅವಳು ಲೋಟ ಮಗುಚಿ ಕೈ ತೆಗೆದಳು. ಒಂದು ಹನಿಯೂ ಬೀಳಲಿಲ್ಲ. "ನೀರಿನ ಭಾರಕ್ಕಿಂತ ಕೆಳಗಿಂದ ಗಾಳಿ ಒತ್ತೋದು ಜಾಸ್ತಿ, ಅದಕ್ಕೇ" ಅಂದಳು. ನಮ್ಮ ಮನೆಯಲ್ಲಿ ನೀರು ಯಾಕೆ ಬಿತ್ತು ಎನ್ನುವುದನ್ನೂ ಬಿಡಿಸಿ ಹೇಳಿದಳು.

"ಇಷ್ಟೆಲ್ಲ ಯಾವಾಗ ಕಲಿತೆ?" ಎಂದ ಅಪ್ಪ. "ಎಂಟು ಸಲ ನೋಡ್ದೆ. ಕ್ಲಾಸಲ್ಲಿ ಎಲ್ಲರ ಮುಂದೆ ಎಂಟು ಸಲ ಕೇಳೋಕಾಗುತ್ತಾ ಅಪ್ಪಾ?" ಹೊರಡುವಾಗ ಅವನು ಇವಳ ಹತ್ತಿರ ಬಂದು "ನಿಲ್ಲಿಸ್ಬೇಡಿ ಟೀಚರ್" ಎಂದಷ್ಟೇ ಹೇಳಿದ. ನಾನಂತೂ ಅಕ್ಕಪಕ್ಕದವರ ಕಿವಿಯಲ್ಲಿ "ನಮ್ಮ ಸೊಸೆ, ನಮ್ಮ ಸೊಸೆ" ಎಂದು ಉಸುರಿದ್ದೇ ಉಸುರಿದ್ದು.

ಒಳಗೆ ಅವಳ ದನಿ ನಿಂತಿತು, ಇನ್ನು ಯಂತ್ರ ತುಳಿಯಬಹುದು. ನೀರಿನ ಮೇಲಿರುವವನು ನೀನು, ಜೋಪಾನ. ನೂರು ಕಾಲ ಬಾಳು.

ನಿನ್ನ ಅಮ್ಮ

ತಾ.ಕ.: ಮುಖ್ಯವಾದದ್ದೇ ಬಿಟ್ಟುಹೋಯಿತು. ಬೇರೆ ಶಾಲೆಗಳ ಮೇಷ್ಟ್ರುಗಳಿಗೆ ಈ ವಿದ್ಯೆ ಕಲಿಸಲು ಆರು ವಾರ ದೂರದ ಊರಿಗೆ ಬನ್ನಿ ಎಂದು ಇವಳಿಗೆ ಕರೆ ಬಂದಿದೆ. ಅತ್ತೆಯೊಬ್ಬರನ್ನೇ ಬಿಟ್ಟು ಬರಲಾಗದು ಎಂದು ಉತ್ತರ ಬರೆದು, ಅಂಚೆಗೆ ಹಾಕಿ ಬನ್ನಿ ಎಂದು ನನ್ನ ಕೈಗೇ ಕೊಟ್ಟಳು! ಮೂರು ದಿನದಿಂದ ಅದು ನನ್ನ ಸೂಜಿ ಡಬ್ಬಿಯ ಅಡಿಯಲ್ಲಿದೆ, ಅಲ್ಲೇ ಇರುತ್ತದೆ. ಈ ಕಾಗದ ಕೈಸೇರಿದ ಕೂಡಲೇ ಅವಳಿಗೆ ಫೋನ್ ಮಾಡಿ "ಹೋಗಿ ಬಾ" ಅನ್ನು. ನಾನು ಹೇಳಿಕೊಟ್ಟೆ ಎಂದು ಮಾತ್ರ ಬಾಯಿ ಬಿಡಬೇಡ.