ರಬ್ಬರ್ ರಿಂಗಿನ ಮೇಲಿನ ಕೂದಲು

ಗಡಿಬಿಡಿ,

ಈಗಲೂ ನಿನ್ನನ್ನು ಯಾರಾದರೂ ಹಾಗೆ ಕರೆಯುತ್ತಾರೋ ಇಲ್ಲವೋ. ನಮ್ಮ ವ್ಯಾಕ್ಯೂಮ್ ಚೇಂಬರಿನ ಸೋರಿಕೆ ಇವತ್ತು ಸಿಕ್ಕಿತು. ಅನ್ವಯಿಕ ಭೌತಶಾಸ್ತ್ರದ ಎಂ.ಎಸ್ಸಿ.ಯ ಒಂದಿಡೀ ಸೆಮಿಸ್ಟರನ್ನು ನುಂಗಿ ನೀರು ಕುಡಿದದ್ದು ಒಂದೇ ಒಂದು ಕೂದಲು. ಮುಚ್ಚಳದ ರಬ್ಬರ್ ರಿಂಗಿಗೆ ಅಡ್ಡಲಾಗಿ ಅಂಟಿಕೊಂಡು ಗಾಳಿಯನ್ನು ಒಳಬಿಡುತ್ತಿತ್ತು. ನಿನ್ನದು ನೆಟ್ಟನೆಯ ಕೂದಲು, ಇದು ನನ್ನದರಂತೆ ಗುಂಗುರು.

"ಮುಚ್ಚಳ ಒಂದ್ಸಲ ಬಿಚ್ಚಿ ನೋಡೋಣ ಕಣೇ" ಎಂದು ನೀನು ಆಗಲೇ ಹೇಳಿದ್ದೆ.

"ಅದನ್ನ ಹಾಕಿದ್ದು ನಾನು, ಸರಿಯಾಗೇ ಇದೆ" ಎಂದಿದ್ದೆ ನಾನು.

ಕೂದಲನ್ನು ಚಿಮುಟದಲ್ಲಿ ಎತ್ತಿ ತೋರಿಸಿದಾಗ ಮೇಷ್ಟ್ರು ನಕ್ಕರು. "ಯಾರ ಕೆಲಸಮ್ಮ ಇದು?"

"ನೆನಪಿಲ್ಲ ಸರ್."

ಮುಚ್ಚಳ ಮತ್ತೆ ಬಿಗಿದೆ. ಒಳಗಿನ ಗಾಳಿಯ ಒತ್ತಡ ತೋರಿಸುವ ಗೇಜಿನ ಮುಳ್ಳು ತೆಪ್ಪಗೆ ಕೆಳಗಿಳಿಯಿತು.

ನೀನು ಓದು ಬಿಟ್ಟುಹೋಗುವ ಹಿಂದಿನ ವಾರವೂ ಚೇಂಬರ್ ಸೋರುತ್ತಿರುವುದು ಯಾರ ಕೆಲಸ ಎಂದು ಮೇಷ್ಟ್ರು ಕೇಳಿದ್ದರು. ಅಂದು ನನಗೆ ನಿನ್ನ ಹೆಸರು ಥಟ್ಟನೆ ನೆನಪಾಗಿತ್ತು.