ಚೀಲದಲ್ಲಿ ಎರಡು ಸೀಳು ಸೌದೆ

ಮಾವನವರಿಗೆ,

ನಿಮ್ಮ ಸೊಸೆಯ ನಮಸ್ಕಾರಗಳು. ಮನೆಯಲ್ಲಿ ಎಲ್ಲರೂ ಕ್ಷೇಮ, ಸೌದೆಯೊಂದನ್ನು ಬಿಟ್ಟು. ಫೋನಿನಲ್ಲೇ ಹೇಳಿಬಿಡೋಣ ಎಂದು ಮೂರು ಸಲ ನೋಡಿದೆ. ಮೂರು ಸಲವೂ ನೀವು ಮೊದಲೇ "ಸೋಮವಾರ ಆಸ್ಪತ್ರೆಯಿಂದ ಬಿಡ್ತಾರಂತೆ ಕಣಮ್ಮ" ಎಂದಿರಿ. ನಾನು ಊಟ-ಮಾತ್ರೆ ವಿಚಾರಿಸಿ ಫೋನಿಟ್ಟೆ.

ನಿಮ್ಮನ್ನು ಆಂಬುಲೆನ್ಸಿಗೆ ಹತ್ತಿಸಿದ ದಿನ ಮಳೆ ಹನಿಯುತ್ತಿತ್ತು. ನಿಮ್ಮ ಮಗ ನಿಮ್ಮ ಜೊತೆ ಬಂದರು. ಅಂಗಳದಲ್ಲಿ ನಾನೊಬ್ಬಳೇ, ಏನಾದರೂ ಮಾಡದೆ ಇರಲಾಗಲಿಲ್ಲ. ಬೇಸಿಗೆಯೆಲ್ಲ ನೀವು ಸೀಳಿ ಒಟ್ಟಿದ್ದ ಸೌದೆ ಕಣ್ಣಿಗೆ ಬಿತ್ತು. ದೊಡ್ಡ ಟಾರ್ಪಾಲು ಎಳೆದು ತಂದು, ಒಟ್ಟಿಲನ್ನು ತಲೆಯಿಂದ ನೆಲದವರೆಗೂ ಸುತ್ತಿ, ಅಂಚಿಗೆ ಇಟ್ಟಿಗೆ ಹೇರಿ, ಹಗ್ಗ ಬಿಗಿದೆ. "ತಲೆಗೊಂದು ಟೋಪಿ ಸಾಕಮ್ಮ, ಕಂಬಳಿ ಹೊದಿಸ್ಬೇಡ. ಪಕ್ಕದಿಂದ ಗಾಳಿ ಆಡ್ಲಿ" ಎಂದು ಎಷ್ಟು ವರ್ಷ ಹೇಳಿದ್ದೀರಿ! ಅವತ್ತು ನೆನಪಾಗಲಿಲ್ಲ. ಮುಚ್ಚಿದಷ್ಟೂ ಧೈರ್ಯ ಬಂದಂತಾಗುತ್ತಿತ್ತು.

ಮೂರು ವಾರದ ಮೇಲೆ, ನಾಲ್ಕು ದಿನದ ಹಿಂದೆ ಬಿಚ್ಚಿದೆ. ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಟಾರ್ಪಾಲಿನ ಒಳಮೈ ಬೆವರಿತ್ತು. ಸೌದೆಯ ಮೇಲೆಲ್ಲ ಬಿಳಿ ಬೂಷ್ಟು. ನೀವು ಕಲಿಸಿದಂತೆ ಎರಡನ್ನು ಒಂದಕ್ಕೊಂದು ತಟ್ಟಿದೆ. ಒಣಗಿದ್ದರೆ ಟಣ್ ಎನ್ನಬೇಕು, ಡಬ್ ಎಂದಿತು. ಆದರೂ ನಂಬದೆ ನಿಮ್ಮ ಕೋಣೆ ಬೆಚ್ಚಗಿಡುವ ಒಲೆಗೆ ಹಾಕಿದೆ. ತುದಿಯಲ್ಲಿ ನೊರೆ ಉಕ್ಕಿ, ಕೋಣೆ ತುಂಬ ಹೊಗೆ. ಕೆಮ್ಮುತ್ತಾ ಹೊರಗೆ ಓಡಿ ಬಂದವಳಿಗೆ ಡಾಕ್ಟರ ಮಾತು ಕಿವಿಯಲ್ಲೇ ಇತ್ತು: "ಚಳಿ ತಾಗಬಾರದು, ಹೊಗೆಯಂತೂ ಸುತರಾಂ ಕೂಡದು."

ಹೀಟರನ್ನು ನೆಚ್ಚಿಕೊಳ್ಳುವಂತಿಲ್ಲ, ಗಾಳಿ ಬೀಸಿದರೆ ಕರೆಂಟು ಹೋಗುತ್ತದೆ. ಸೌದೆ ಡಿಪೋಗೂ ಹೋಗಿದ್ದೆ. "ಪಟಾಕಿ ಥರ ಉರಿಯತ್ತೆ ಅಕ್ಕ, ಕಣ್ಮುಚ್ಕೊಂಡು ತಗೊಂಡ್ಹೋಗಿ" ಎಂದ ಡಿಪೋದವನು. ಕಣ್ಣು ಮುಚ್ಚಿಯೇ ತಟ್ಟಿದೆ. ಅಲ್ಲೂ ಡಬ್.

ಈಗ ಇಡೀ ಒಟ್ಟಿಲನ್ನು ಕಿತ್ತು, ಗೋಡೆಯಿಂದ ಗೇಣು ದೂರದಲ್ಲಿ, ಎರಡು ತೊಲೆಗಳ ಮೇಲೆ, ಕೈ ತೂರುವಷ್ಟು ಸಂದು ಬಿಟ್ಟು ಹೊಸದಾಗಿ ಒಟ್ಟಿದ್ದೇನೆ. ಮೇಲೆ ಟೋಪಿ ಮಾತ್ರ. ಪದ್ಯದ ಪುಸ್ತಕ ಹಿಡಿದು ಕೂತರೆ ಒಂದು ಸಾಲು ಮುಗಿಯುವ ಮೊದಲೇ ಮನಸ್ಸು ಹೊರಗೆ ಓಡುತ್ತದೆ. ಮೋಡ ಕವಿಯಿತೇ? ಗಾಳಿ ನಿಂತಿತೇ? "ಎಂ.ಎ. ಮಾಡಿದವಳು ಸೌದೆ ಕಾಯ್ತಾ ಕೂತಿದ್ದಾಳೆ" ಎಂದು ನೀವು ನಗುವುದು ಕೇಳಿಸುತ್ತದೆ. ನಗಿ, ಆದರೆ ಮೆಲ್ಲಗೆ ನಗಿ, ಕೆಮ್ಮು ಬಂದೀತು.

ಮಾವ, ಇನ್ನೆರಡು ವಾರ ಅಲ್ಲೇ ಇರುತ್ತೀರಾ? ಡಾಕ್ಟರನ್ನು ಕೇಳಿದೆ, ಇರಲಿ ಎಂದರು. ಮನೆಗೆ ಬರಲು ದಿನ ಎಣಿಸುತ್ತಿರುವವರಿಗೆ ಹೀಗೆ ಬರೆಯುವ ಮುಂಚೆ ಎರಡು ಹಾಳೆ ಹರಿದು ಹಾಕಿದೆ. ಸೊಸೆಗೆ ನಾನು ಬೇಡವಾದೆ ಎಂದು ಮಾತ್ರ ಅಂದುಕೊಳ್ಳಬೇಡಿ. ತಪ್ಪು ನನ್ನದು, ಶಿಕ್ಷೆ ನಿಮಗೆ. ಅದೇ ನನಗೆ ನುಂಗಲಾಗದ ತುತ್ತು.

ನಿಮ್ಮ ಮಗನ ಕೈಯಲ್ಲಿ ಒಂದು ಚೀಲ ಕಳಿಸಿದ್ದೇನೆ. ಅದರಲ್ಲಿ ಎರಡು ಸೀಳು ಸೌದೆ ಇದೆ. ಒಣಗಿದ್ದನ್ನೇ ಹುಡುಕಿ ಇಡುವ ಆಸೆಯಾಯಿತು, ನೀವು ಬರಲಿ ಎಂದು. ಒದ್ದೆಯದನ್ನೇ ಇಡುವ ಆಸೆಯೂ ಆಯಿತು, ನೀವು ಉಳಿಯಲಿ ಎಂದು. ಕೊನೆಗೆ ನೋಡದೆ ನಡುವಿನಿಂದ ಎಳೆದೆ. ತಟ್ಟಿ ನೋಡಿ. ಟಣ್ ಎಂದರೆ ಸೋಮವಾರವೇ ಬನ್ನಿ. ಡಬ್ ಎಂದರೆ ಇರಿ, ಮುಂದಿನ ವಾರ ಇನ್ನೆರಡು ಕಳಿಸುತ್ತೇನೆ. ನಿಮ್ಮ ಮಗನನ್ನು ಕೇಳಬೇಡಿ, ಅವರ ಕಿವಿಗೆ ಎರಡೂ ಒಂದೇ. ನೀವೋ, ಮನೆಯಾಸೆಗೆ ಡಬ್ ಎಂದದ್ದನ್ನೂ ಟಣ್ ಎನ್ನುವವರು. ಅದಕ್ಕೇ ಆ ಜೋರು ಬಾಯಿಯ ನರ್ಸಮ್ಮನಿಗೂ ಒಂದು ಚೀಟಿ ಬರೆದಿದ್ದೇನೆ, ತಟ್ಟುವಾಗ ಪಕ್ಕದಲ್ಲೇ ನಿಂತಿರಿ ಎಂದು.

ನಿಮ್ಮ ಉಸಿರು ಹಗುರಾಗಲಿ, ಇಲ್ಲಿ ಗಾಳಿ ಬೀಸುತ್ತಿರಲಿ ಎಂದು ಬೇಡುತ್ತಾ,

ಕಂಬಳಿ ಹೊದಿಸಿದ ತಪ್ಪಿಗೆ ಕಿವಿ ಹಿಡಿದು ನಿಂತಿರುವ
ನಿಮ್ಮ ಸೊಸೆ