ನಿಧಾನಿಸಿದರೆ ಆರುವ ದೀಪ

ಜಿಲ್ಲೆಯ ಮೋಟಾರು ವಾಹನಗಳ ಮೇಲಧಿಕಾರಿಗಳಿಗೆ,

ಮಾನ್ಯರೇ,

ಕತ್ತಲಾದ ಮೇಲೆ ನಾನು ಮೋಟಾರು ಸೈಕಲ್ಲನ್ನು ಎಷ್ಟು ವೇಗದಲ್ಲಿ ಓಡಿಸಬೇಕು? ತಾವು ಒಂದೇ ಸಾಲಿನಲ್ಲಿ ಬರೆದು ತಿಳಿಸಿದರೆ ಸಾಕು. ಕಳೆದ ವರ್ಷ ತಮ್ಮ ಇನ್ಸ್‌ಪೆಕ್ಟರರು ಅತಿವೇಗವೆಂದು ನನ್ನ ಮೇಲೆ ಕೇಸು ಬರೆದರು. ಈ ಜನವರಿಯಲ್ಲಿ ಅದೇ ಮಹಾಶಯರು ದೀಪವಿಲ್ಲದೆ ಓಡಿಸಿದನೆಂದು ಬರೆದರು. ಎರಡೂ ನಿಜ. ಎರಡನ್ನೂ ತಪ್ಪಿಸಿಕೊಳ್ಳುವ ದಾರಿ ಮಾತ್ರ ಮಡಕಶಿರಾ ತಾಲ್ಲೂಕಿನಲ್ಲಿ ಎಲ್ಲೂ ಇಲ್ಲ.

ತಮ್ಮ ಕಾರಿನಲ್ಲಿ ಬ್ಯಾಟರಿ ಇದೆ, ನಿಂತರೂ ದೀಪ ಉರಿಯುತ್ತದೆ. ನನ್ನ ಗಾಡಿಗೆ ಬ್ಯಾಟರಿ ಕೂರುವುದೇ ಇಲ್ಲ. ದೀಪಕ್ಕೆ ಇಂಜಿನ್ನೇ ಗತಿ. ಇಂಜಿನ್ ಜೋರಾದರೆ ಬೆಳಕು, ತಗ್ಗಿದರೆ ಗಾಜಿನೊಳಗೆ ಒಂದು ಕೆಂಪು ತಂತಿ, ಅಷ್ಟೆ. ಅಂದರೆ ದಾರಿ ಕಾಣಬೇಕಾದರೆ ಓಡಬೇಕು. ನಿಧಾನವಾಗಿ ಹೋಗುವುದಾದರೆ ಕುರುಡನಾಗಿ ಹೋಗಬೇಕು. ಕ್ಲಚ್ ಹಿಡಿದು ಇಂಜಿನ್ ಅಬ್ಬರಿಸಿದರೆ ನಿಧಾನದಲ್ಲೂ ಬೆಳಕು ಬರುತ್ತದೆ. ಆದರೆ ಆ ಅಬ್ಬರಕ್ಕೆ ಎದುರಿನ ಎತ್ತುಗಳು ಬೆದರಿ ಬಂಡಿಯನ್ನು ಹಳ್ಳಕ್ಕೆ ಎಳೆಯುತ್ತವೆ. ಎತ್ತು ಸಾಕಿದ ಮನೆಯಲ್ಲಿ ಹುಟ್ಟಿದವನು ನಾನು, ಅದನ್ನು ಮಾಡಲಾರೆ. ಇಂಥ ದೀಪ ತಮ್ಮ ಪರೀಕ್ಷೆಯಲ್ಲಿ ಪಾಸಾದದ್ದು ಹೇಗೆ? ಕಚೇರಿಯ ಅಂಗಳದಲ್ಲಿ, ಹಾಡುಹಗಲು ಹನ್ನೆರಡು ಗಂಟೆಗೆ, ಇಂಜಿನ್ನನ್ನು ಕಿವಿ ತೂತಾಗುವಂತೆ ಕೂಗಿಸಿ! ಸೂರ್ಯದೇವನ ಸಮಕ್ಷಮದಲ್ಲಿ ಅದು ಉತ್ತಮ ದೀಪವೆಂದು ಮೊಹರು ಬಿತ್ತು.

ಹಗಲಲ್ಲೇ ಹೋಗಬಾರದೇ ಎನ್ನುತ್ತೀರಿ. ನಾನು ಹಿಂದೂಪುರದ ರೈಲಿನಿಂದ ರೇಷ್ಮೆಹುಳುವಿನ ಮೊಟ್ಟೆ ತಂದು ಹಿಪ್ಪುನೇರಳೆ ಬೆಳೆಯುವ ಊರುಗಳಿಗೆ ಹಂಚುವವನು. ಬಿಸಿಲು ತಾಗಿದರೆ ಮೊಟ್ಟೆ ಕೆಡುತ್ತವೆ. ಹೊತ್ತು ಮುಳುಗಿದ ಮೇಲೆಯೇ ಹೊರಡಬೇಕು.

ಜನವರಿಯ ಆ ಸಂಜೆ ನನ್ನ ಹಿಂದೆ ಕೂತಿದ್ದವನು ತಂಗಿ ಕದಿರಮ್ಮನ ಗಂಡ ಪಾಪಣ್ಣ. ಎದುರಿಗೆ ಒಂದು ಬಂಡಿ ಬಂತು. "ಸದ್ದು ತಗ್ಸಪ್ಪೋ, ಎತ್ತು ಬೆದರ್ತವೆ!" ಎಂದು ಬಂಡಿಯವನು ಕೂಗಿದ. ತಗ್ಗಿಸಿದೆ. ತಮ್ಮ ಕಾನೂನಿನಂತೆ ನಿಧಾನವಾದೆ, ದೀಪ ಆರಿತು. ಆ ಬಂಡಿಯ ಹಿಂದೆಯೇ ಲಾಟೀನಿಲ್ಲದ ಇನ್ನೊಂದು ಬಂಡಿ ಬರುತ್ತಿತ್ತು. ಕತ್ತಲಲ್ಲಿ ಅದಕ್ಕೆ ತಾಗಿ ಇಬ್ಬರೂ ಬಿದ್ದೆವು, ಅದರ ಚಕ್ರ ಪಾಪಣ್ಣನ ಬಲಗಾಲಿನ ಮೇಲೆ ಹರಿಯಿತು. ಈಗ ಅವನಿಗೆ ಮೊಣಕಾಲಿನ ಕೆಳಗೆ ಏನೂ ಇಲ್ಲ. ನನಗೆ ಒಂದು ಗೀರೂ ಆಗಲಿಲ್ಲ. "ನೀನೇನ್ ಮಾಡ್ತೀಯ ಭಾವ, ಕಾಣ್ಲಿಲ್ಲ" ಎನ್ನುತ್ತಾನೆ ಪಾಪಣ್ಣ. ಬಯ್ದಿದ್ದರೆ ಎಷ್ಟೋ ವಾಸಿಯಾಗಿತ್ತು.

ಮುಂದಿನ ವಾರ ಮತ್ತೆ ಮೊಟ್ಟೆ ಬರುತ್ತವೆ. ಅದೇ ಗಾಡಿ, ಅದೇ ದೀಪ, ಅದೇ ರಸ್ತೆ. ಈಗ ಎರಡು ಮನೆಗಳಿಗೆ ನಾನೊಬ್ಬನೇ ದುಡಿಯುವವನು, ಹೋಗುವುದಿಲ್ಲ ಎನ್ನುವ ಹಾಗೂ ಇಲ್ಲ.

ಆದ್ದರಿಂದ ಕೇಳುತ್ತೇನೆ: ನಿಂತಾಗಲೂ ಉರಿಯುವ ದೀಪವಿಲ್ಲದ ಮೋಟಾರು ಸೈಕಲ್ಲನ್ನು ಯಾವ ಕಂಪನಿಯೂ ಮಾರಬಾರದೆಂದು ಆಜ್ಞೆ ಮಾಡಿ. ಈಗಾಗಲೇ ಮಾರಿದವಕ್ಕೆ ಅವರಿಂದಲೇ ಬೇರೆ ದೀಪ ಹಾಕಿಸಿ. ಪರೀಕ್ಷೆಯನ್ನು ಕತ್ತಲಲ್ಲಿ ಮಾಡಿ.

ಮೊನ್ನೆ ಕದಿರಮ್ಮ ಕೇಳಿದಳು, "ಅಣ್ಣಾ, ದಿನಾ ಜೋರಾಗಿ ಹೋಗ್ತಿದ್ದೋನು ಅವತ್ತೊಂದಿನ ಯಾಕಣ್ಣ ನಿಧಾನ ಮಾಡ್ದೆ?" ಎತ್ತು ಬೆದರುತ್ತವೆ ಅಂತ, ಕಾನೂನು ಅಂತ, ಎಂದೆ. "ಎತ್ತಿಗೆ ಬಾಯಿಲ್ಲ. ಆ ಕಾನೂನು ಮಾಡ್ದೋರ್ನ ಒಂದ್ಸಾರಿ ಮನೇಗೆ ಕರ್ಕೊಂಡ್ ಬಾ" ಎಂದಳು.

ತಾವು ಬರಬೇಕು. ಅವಳಿಗೆ ತಾವೇ ಹೇಳಬೇಕು, ನನ್ನಿಂದ ಆಗುತ್ತಿಲ್ಲ.

ಇಂತಿ,
ಒಂದೇ ಒಂದು ದಿನ ತಮ್ಮ ಮಾತು ಕೇಳಿದ
ಹನುಮಂತರಾಯಪ್ಪ
ಮಡಕಶಿರಾ, ಮಾರ್ಚಿ 1938